ಆಲ್ಫಾ-2 ಆಂಟಿಬಾಡಿ: ತಟ್ಟೆಯಲ್ಲಿ ಚುಕ್ಕಿ, ಮಿದುಳಿನ ಹೋಳಿನಲ್ಲಿ ಮಬ್ಬು

ನರಕೋಶದ ಚಟುವಟಿಕೆಗೆ ಕಡಿವಾಣ ಹಾಕುವ ಗಾಬಾ-ಎ ಗ್ರಾಹಕದ ಆಲ್ಫಾ-2 ಉಪಘಟಕವನ್ನು (ಗ್ರಾಹಕವನ್ನು ಕಟ್ಟಿರುವ ಪ್ರೋಟೀನುಗಳಲ್ಲೊಂದು) ಹಿಡಿದು ಸೂಕ್ಷ್ಮದರ್ಶಕದಡಿ ತೋರಿಸಲೆಂದು ಮೊಲದಲ್ಲಿ ತಯಾರಿಸಿದ ಪಾಲಿಕ್ಲೋನಲ್ (ಹಲವು ಬಗೆಯವು ಬೆರೆತ) ಆಂಟಿಬಾಡಿ ಇದು. ತಯಾರಕರ ಹೆಸರು ಇಲ್ಲಿ ಬೇಡ.

ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಮೇಲೆ ಇದರ ಕೆಲಸಕ್ಕೆ ಹೆಸರಿಡುವಂತಿಲ್ಲ. ಗ್ರಾಹಕದ ಹೊರಚಾಚಿದ ಭಾಗವನ್ನೇ ಹಿಡಿಯುವುದರಿಂದ ಜೀವಂತ ಕೋಶಕ್ಕೆ ಹಚ್ಚಿದರೆ ಮೇಲ್ಮೈಯಲ್ಲಿರುವವು ಮಾತ್ರ ಬೆಳಗುತ್ತವೆ. ಒಳಗಿನ ದಾಸ್ತಾನು ಕಾಣುವುದಿಲ್ಲ. (ಕೋಶಗಳನ್ನು ತಣ್ಣಗಿಡಿ. ಇಲ್ಲದಿದ್ದರೆ ಆಂಟಿಬಾಡಿಯೇ ಗ್ರಾಹಕಗಳನ್ನು ಜೋಡಿಸಿ ಗುಂಪು ಮಾಡಿಬಿಡುತ್ತದೆ.) ಕೋಶಕಾಯದ ಮೇಲೆ, ಸಂಕೇತ ಪಡೆಯುವ ಕವಲಾದ ಡೆಂಡ್ರೈಟ್‌ನ ಕಾಂಡದ ಮೇಲೆ, ಸಂಕೇತ ಒಯ್ಯುವ ಆಕ್ಸಾನ್ ಹೊರಡುವ ಮೊದಲ ತುಂಡಿನುದ್ದಕ್ಕೂ ಚೂಪಾದ ಚುಕ್ಕಿಗಳು ಕಂಡವು. ಇಲಿಯಲ್ಲಿ ತಯಾರಾದ ಜೆಫಿರಿನ್ ಆಂಟಿಬಾಡಿಯನ್ನು ಜೊತೆಗೆ ಹಚ್ಚಿದಾಗ ಬಹುಪಾಲು ಚುಕ್ಕಿಗಳು ಒಂದರ ಮೇಲೊಂದು ಕೂತವು. ಗ್ರಾಹಕಗಳನ್ನು ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ತಡೆದು ನಿಲ್ಲಿಸುವ ಪ್ರೋಟೀನೇ ಜೆಫಿರಿನ್. ಹಾಗಾಗಿ ಆಗಬೇಕಾದದ್ದೂ ಅದೇ.

ತಕರಾರು ಇರುವುದು ಮಿದುಳಿನ ಹೋಳುಗಳ ವಿಷಯದಲ್ಲಿ. 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಚೆನ್ನಾಗಿ ಫಿಕ್ಸ್ ಮಾಡಿದ (ರಾಸಾಯನಿಕದಿಂದ ಇದ್ದಂತೆಯೇ ಗಟ್ಟಿಮಾಡಿದ) ಅಂಗಾಂಶದಲ್ಲಿ ಚುಕ್ಕಿಗಳೆಲ್ಲ ಮಾಯವಾಗಿ ಬರೀ ಮಬ್ಬು ಉಳಿಯಿತು. ಸಿನಾಪ್ಸ್‌ನ ಸಂದಿಯ ಅಗಲ ಸುಮಾರು 20 ನ್ಯಾನೋಮೀಟರ್. ಅಲ್ಲಿ ಪ್ರೋಟೀನುಗಳ ನೂಕುನುಗ್ಗಲು. ಫಿಕ್ಸೇಟಿವ್ ಅವನ್ನು ಒಂದಕ್ಕೊಂದು ಬೆಸೆದ ಮೇಲೆ ಆಂಟಿಬಾಡಿ ಒಳಗೆ ನುಸುಳಲಾರದು. ಸಿನಾಪ್ಸ್‌ನ ಹೊರಗೆ ಚದುರಿದ ಗ್ರಾಹಕಗಳು ಸುಲಭವಾಗಿ ಸಿಗುತ್ತವೆ, ಒತ್ತಾಗಿ ಕೂತವೇ ಕೈತಪ್ಪುತ್ತವೆ. ಚಿತ್ರವನ್ನು ನಂಬಿದವನು ಗ್ರಾಹಕಗಳು ಪೊರೆಯ ತುಂಬ ಸಮವಾಗಿ ಹರಡಿವೆ ಎಂದು ಬರೆದುಬಿಟ್ಟಾನು. ಮುಖ್ಯವಾಗಿ ಸಿನಾಪ್ಸ್‌ನ ಹೊರಗೇ ಇರುವ ಡೆಲ್ಟಾ ಉಪಘಟಕವಾಗಿದ್ದರೆ ಅಂಥ ಮಬ್ಬನ್ನು ಒಪ್ಪಬಹುದಿತ್ತು. ಆಲ್ಫಾ-2ಕ್ಕೆ ಅದು ಸಲ್ಲದು.

ಹೋಳುಗಳಿಗೆ ಸ್ವಲ್ಪ ಹೊತ್ತು ಪೆಪ್ಸಿನ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಕೊಟ್ಟಾಗ ಚುಕ್ಕಿಗಳು ಮರಳಿದವು. ಹೊತ್ತು ಮೀರಿದರೆ ಹೋಳೇ ಜಾಳಾಗುತ್ತದೆ. ಲಘುವಾಗಿ ಫಿಕ್ಸ್ ಮಾಡಿದ ಅಂಗಾಂಶದಲ್ಲಿ ಈ ಗೋಜಿಲ್ಲದೆಯೇ ಒಳ್ಳೆಯ ಫಲ ಬಂತು. ತಯಾರಕರ ಮಾಹಿತಿ ಪತ್ರದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ! ಅಲ್ಲಿರುವುದು ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನ ಒಂದು ಪಟ್ಟಿ ಮಾತ್ರ. ಪ್ರೋಟೀನನ್ನು ಬಿಡಿಸಿ ಹರಡಿದಾಗ ಹಿಡಿಯುವ ಆಂಟಿಬಾಡಿ, ಅದು ತನ್ನ ಜಾಗದಲ್ಲಿ ಕೂತಿರುವಾಗಲೂ ಹಿಡಿಯುತ್ತದೆ ಎಂಬುದಕ್ಕೆ ಆ ಪಟ್ಟಿ ಸಾಕ್ಷಿಯಲ್ಲ.

ಆಲ್ಫಾ-2 ಜೀನ್ ಇಲ್ಲದ ಇಲಿಯ ಹೋಳಿನಲ್ಲಿ ಏನೂ ಬೆಳಗಲಿಲ್ಲ ಎಂಬ ಕಾರಣಕ್ಕೆ ಇದನ್ನು ಇನ್ನೂ ಬಳಸುತ್ತಿದ್ದೇನೆ. ಆದರೆ ಎರಡನೆಯ ಬ್ಯಾಚ್ ಮೊದಲಿನಷ್ಟು ಖಾರವಾಗಿರಲಿಲ್ಲ: 1:500ರಷ್ಟು ತೆಳುಮಾಡಿದರೂ ನಡೆಯುತ್ತಿದ್ದ ಕೆಲಸಕ್ಕೆ 1:200 ಬೇಕಾಯಿತು. ಕೊಳ್ಳುವವರು ಒಂದೇ ಬ್ಯಾಚಿನ ಸೀಸೆಗಳನ್ನು ಕೇಳಿ ಪಡೆಯಿರಿ.