ಬಸುರಿನ ಸೊಂಟನೋವಿಗೆ ಕೈರೋಪ್ರಾಕ್ಟಿಕ್: ನಾಲ್ಕು ತಿಂಗಳು ಹೋಗಿ ಬಂದ ಮೇಲೆ

22ನೇ ವಾರದ ಒಂದು ರಾತ್ರಿ ಮಗ್ಗುಲು ಬದಲಿಸಲು ಹೋದಾಗ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಲ್ಲಿ ಚಳಕು ಹೊಡೆಯಿತು. ಬೆನ್ನಿನ ಬುಡ ಅದಕ್ಕೂ ಮೊದಲೇ ಹಿಡಿದುಕೊಂಡಿತ್ತು. ಮೆಟ್ಟಿಲು ಹತ್ತುವುದು, ಒಂಟಿ ಕಾಲಲ್ಲಿ ನಿಂತು ಬಟ್ಟೆ ತೊಡುವುದು, ಕಾರಿನಿಂದ ಇಳಿಯುವುದು, ಎಲ್ಲಕ್ಕೂ ಅಂಜುವಂತಾಯಿತು. ಬಸುರಿಯರಿಗೆ ಇದು ಸಹಜ ಎಂದರು ಎಲ್ಲರೂ. ಸಹಜವಾದರೆ ಸಹಿಸಲೇಬೇಕೇ? ಪ್ರಸೂತಿ ವೈದ್ಯೆಯ ಒಪ್ಪಿಗೆ ಪಡೆದು 24ನೇ ವಾರದಿಂದ ಹೆರಿಗೆಯವರೆಗೆ ವಾರಕ್ಕೊಮ್ಮೆ ಕೈರೋಪ್ರಾಕ್ಟರ್ ಬಳಿಗೆ, ಅಂದರೆ ಬೆನ್ನುಮೂಳೆ, ಕೀಲುಗಳ ನೋವಿಗೆ ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರ ಬಳಿಗೆ, ಹೋದೆ.

ಮೊದಲ ದಿನ ಬಹುಪಾಲು ಪ್ರಶ್ನೆಗಳೇ: ರಕ್ತಸ್ರಾವ, ರಕ್ತದೊತ್ತಡ, ಮಾಸು ಎಲ್ಲಿದೆ ಎಂಬುದು. ಎಕ್ಸ್‌ರೇ ತೆಗೆಯಲಿಲ್ಲ, ಕುತ್ತಿಗೆ ಮುಟ್ಟಲಿಲ್ಲ. ಬಸುರಿನಲ್ಲಿ ರಿಲಾಕ್ಸಿನ್ ಮುಂತಾದ ಹಾರ್ಮೋನುಗಳಿಂದ ಸೊಂಟದ ಕೀಲುಗಳ ಕಟ್ಟು ಸಡಿಲವಾಗುವುದನ್ನೂ ಮುಂದಕ್ಕೆ ವಾಲುವ ಹೊಟ್ಟೆಯ ಭಾರ ಬೆನ್ನನ್ನು ಎಳೆಯುವುದನ್ನೂ ವಿವರಿಸಿದರು. ಚಿಕಿತ್ಸೆಗೆ ಮಲಗಿಸುವ ಮಂಚದ ಒಂದು ಭಾಗ, ಅವರು ಒತ್ತಿದಾಗ, ಸೊಂಟದಡಿಯಲ್ಲಿ ಧಡ್ ಎಂದು ಅಂಗುಲದಷ್ಟು ಕುಸಿಯುತ್ತದೆ. ಆ ಸದ್ದಿಗೆ ಬೆಚ್ಚಿದೆ, ನೋವೇನೂ ಆಗಲಿಲ್ಲ.

ಮೂರನೇ ಭೇಟಿಯ ನಂತರ ಬೆನ್ನು ಹಗುರವಾಯಿತು, ನಿದ್ದೆ ಬಂತು. ಆದರೆ ಆ ಹಗುರ ಎರಡು ಮೂರು ದಿನದ್ದು. ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ನೋವು ಅಷ್ಟಾಗಿ ಬಗ್ಗಲಿಲ್ಲ. ಅದಕ್ಕೆ ನೆರವಾದದ್ದು ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ, ಸೊಂಟದ ಪಟ್ಟಿ, ಮಂಡಿಗಳ ನಡುವೆ ದಿಂಬು, ಮಂಡಿಗಳನ್ನು ಜೋಡಿಸಿಯೇ ಹೊರಳುವ ಅಭ್ಯಾಸ. 30ನೇ ವಾರದ ಹೊತ್ತಿಗೆ ಎರಡೂ ಒಟ್ಟಿಗೆ ನಡೆಯುತ್ತಿದ್ದುದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾರೆ. ಬಸುರಿನಲ್ಲಿ ಈ ಚಿಕಿತ್ಸೆಯ ಬಗ್ಗೆ ಗಟ್ಟಿ ಪುರಾವೆ ಕಡಿಮೆ ಎಂಬುದನ್ನು ತಿಳಿದೇ ಹೋಗಬೇಕು.

ನನಗೆ ಸಿಟ್ಟು ಬಂದದ್ದು ಒಂದೇ ವಿಷಯಕ್ಕೆ. ಮಗು ತಲೆ ಮೇಲಾಗಿದ್ದಾಗ ವೆಬ್‌ಸ್ಟರ್ ಎಂಬ, ಸೊಂಟದ ಕೀಲುಗಳನ್ನು ಒತ್ತಿ ಹೊಂದಿಸುವ ಕೈರೋಪ್ರಾಕ್ಟಿಕ್ ವಿಧಾನದಿಂದ ತಿರುಗಿಸಬಹುದೆಂದು ಭರವಸೆ ಕೊಟ್ಟು, ಹನ್ನೆರಡು ಭೇಟಿಗಳ ಹಣ ಮುಂಗಡವಾಗಿ ಕೇಳಿದರು. ಹಾಗೆ ತಿರುಗುತ್ತದೆ ಎನ್ನಲು ನಂಬಲರ್ಹ ಆಧಾರವಿಲ್ಲ. ಆ ಮಾತು ಪ್ರಸೂತಿ ವೈದ್ಯರೊಡನೆ ಆಡಬೇಕಾದದ್ದು. ಒಪ್ಪಲಿಲ್ಲ. ಹೆದರಿದ ಗರ್ಭಿಣಿಯ ಮುಂದೆ ಹೀಗೆ ಆಸೆ ಹುಟ್ಟಿಸಬಾರದು.

ರಕ್ತಸ್ರಾವ, ಜ್ವರ, ಹೆರಿಗೆನೋವಿನಂತೆ ಬಿಟ್ಟುಬಿಟ್ಟು ಬರುವ ನೋವು, ತೊಡೆಸಂದಿಯ ಜೋಮು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು ಕಂಡರೆ ಇಲ್ಲಿಗಲ್ಲ, ನೇರ ಆಸ್ಪತ್ರೆಗೆ ಹೋಗಿ.

ಮಗುವಿಗೀಗ ಎಂಟು ತಿಂಗಳು. ಹೆರಿಗೆಯಾದ ಆರು ವಾರಗಳಲ್ಲಿ ನೋವು ಬಹುಮಟ್ಟಿಗೆ ಹೋಯಿತು. ಮಗುವನ್ನು ಒಂದೇ ಕಂಕುಳಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡರೆ ಬಲಗಡೆ ನೆನಪಿಸುತ್ತದೆ. ಮತ್ತೆ ಬಸುರಾದರೆ ಮೊದಲು ಫಿಸಿಯೋಥೆರಪಿಗೆ ಹೋಗುತ್ತೇನೆ, ಬೆನ್ನು ಹಿಡಿದ ವಾರಗಳಲ್ಲಷ್ಟೇ ಇಲ್ಲಿಗೆ.