ಮುಖ ನೋಡಿ ತಡೆದರೆ: ಗ್ರಾಹಕ ಆಯೋಗವೋ, ಹೈಕೋರ್ಟೋ?

ರಾಯಚೂರಿನ ಹುಡುಗನೊಬ್ಬ ದೆಹಲಿಗೆ ಹೋಗಲು ರಾತ್ರಿ ಬಸ್ಸು ಹಿಡಿದು ಹೈದರಾಬಾದ್ ವಿಮಾನ ನಿಲ್ದಾಣ ತಲುಪುತ್ತಾನೆ ಅಂದುಕೊಳ್ಳಿ. ಮೈಬಣ್ಣ, ಗಡ್ಡ, ಹೆಸರು ನೋಡಿ ಅವನೊಬ್ಬನನ್ನೇ ಪಕ್ಕಕ್ಕೆ ನಿಲ್ಲಿಸುತ್ತಾರೆ. ವಿಮಾನ ತಪ್ಪುತ್ತದೆ. ಪರಿಹಾರ ಕೇಳುವ ಮುಂಚೆ ತಡೆದವರು ಯಾರು ಅಂತ ನೋಡಬೇಕು.

ವಿಮಾನ ಕಂಪನಿಯವರಾದರೆ ನನ್ನ ಓಟು ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೈದರಾಬಾದಿಗೆ ಸುಮ್ನೆ ಅಲೆಯಬೇಕಿಲ್ಲ. ಟಿಕೆಟ್ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು 2 ವರ್ಷ.

ಭದ್ರತಾ ಪಡೆಯವರಾದರೆ? ಅವರು ನಮಗೆ ಸೇವೆ ಮಾರಿಲ್ಲವಲ್ಲ. ಆಗ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬೇಕು, ಅಂದರೆ ಹಕ್ಕಿಗೆ ಧಕ್ಕೆಯಾಯಿತು ಅಂತ ನೇರವಾಗಿ ಕೋರ್ಟಿಗೆ ಕೊಡುವ ಅರ್ಜಿ. ಘಟನೆ ಹೈದರಾಬಾದಿನದಾದರೆ ಸಾಮಾನ್ಯವಾಗಿ ತೆಲಂಗಾಣ ಹೈಕೋರ್ಟು, ಬಳ್ಳಾರಿ ಜಿಲ್ಲೆಯ ನಮ್ಮ ತೋರಣಗಲ್ಲು ವಿಮಾನ ನಿಲ್ದಾಣದ್ದಾದರೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ. ಖರ್ಚು ಜಾಸ್ತಿ, ಓಡಾಟವೂ ಜಾಸ್ತಿ.

ಹಾಗಂತ ರಿಟ್ಟಿನಿಂದ ಹಣ ಬರಲ್ಲ ಅಂತಲ್ಲ. 2012ರಲ್ಲಿ ಕೋಲ್ಕತ್ತಾದಲ್ಲಿ ವಿಮಾನದಿಂದ ಇಳಿಸಿದ್ದ ಅಂಗವಿಕಲ ಪ್ರಯಾಣಿಕೆಗೆ 2016ರಲ್ಲಿ ಸುಪ್ರೀಂ ಕೋರ್ಟು ರಿಟ್ ಅರ್ಜಿಯಲ್ಲೇ 10 ಲಕ್ಷ ರೂಪಾಯಿ ಕೊಡಿಸಿತು. ಅಲ್ಲಿ ಕಟ್ಟಿದ್ದು ವಿಮಾನ ಕಂಪನಿಯೇ!

ಯಾವ ದಾರಿಯಾದರೂ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಅದರ ಬೆನ್ನಿಗೇ ಸಮಯ, ಗೇಟ್ ನಂಬರು, ತಡೆದವರ ಬ್ಯಾಡ್ಜಿನ ಹೆಸರು ಬರೆದಿಟ್ಟುಕೊಳ್ಳಿ.