ಹಳೇ ಕಸದ ಗುಡ್ಡೆಯ ಕೆಳಗೆ ಬಾವಿ ಇದ್ದವರು ಈ ಟೆಸ್ಟ್ ಕಿಟ್ ಕೊಳ್ಳಬಹುದೇ?

ಹನಿ ಬಾಟಲಿಗಳು, ಬಣ್ಣದ ಚಾರ್ಟ್, ಕೊಳಕು ನೀರಿನ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಎಚ್‌ಟುಎಸ್ ಸೀಸೆ, ಇಷ್ಟಿರುವ ಮಾಮೂಲಿ ನೀರಿನ ಫೀಲ್ಡ್ ಕಿಟ್ ಇದು. ಕೊಳ್ಳಬಹುದು, ಆದರೆ ಹೋಲಿಸಲು ಇನ್ನೊಂದು ಬಾವಿ ಇಲ್ಲದೆ ಒಂದೇ ಬಾವಿಗಾದರೆ ಬೇಡ.

ಇದರಲ್ಲಿ ಗಟ್ಟಿ ಇರುವುದು ಕ್ಲೋರೈಡ್ ಪರೀಕ್ಷೆ. ಪೊಟ್ಯಾಸಿಯಂ ಕ್ರೋಮೇಟ್ ಹಾಕಿದಾಗ ನೀರು ಹಳದಿ ಆಗುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟ್ ಹನಿ ಎಣಿಸುತ್ತಾ ಹೋಗಿ, ಅಲ್ಲಾಡಿಸಿದರೂ ಇಟ್ಟಿಗೆ ಕೆಂಪು ಮಾಸದಿದ್ದಾಗ ನಿಲ್ಲಿಸಬೇಕು. ಬಾಟಲಿ ನೆಟ್ಟಗಿರಲಿ, ಓರೆಯಾದರೆ ಹನಿಯ ಗಾತ್ರ ಬದಲಾಗಿ ಲೆಕ್ಕ ಕೆಡುತ್ತದೆ. ಕ್ಲೋರೈಡ್ ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆಗೇ ಇಳಿಯುತ್ತದೆ. ಕಸದ ರಸ ಬಾವಿ ಮುಟ್ಟಿದ ಮೊದಲ ಸುಳಿವು ಅದೇ. ತೊಡಕೆಂದರೆ, ಕಾಫಿಗೆ ಹಾಕುವ ಎಂಒಪಿ ಗೊಬ್ಬರವೂ ಪೊಟ್ಯಾಸಿಯಂ ಕ್ಲೋರೈಡೇ. ಆದ್ದರಿಂದ ಗುಡ್ಡೆಯಿಂದ ಮೇಲಕ್ಕಿರುವ, ಅಷ್ಟೇ ಗೊಬ್ಬರ ಬೀಳುವ ತೋಟದ ಬಾವಿ ನೀರನ್ನೂ ಅದೇ ದಿನ ನೋಡಿ. ಎರಡರ ನಡುವಿನ ವ್ಯತ್ಯಾಸವೇ ಉತ್ತರ. ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲಿನ ಹೂಮಳೆಗೆ ಮುಂಚೆ ಒಮ್ಮೆ, ನವೆಂಬರ್-ಡಿಸೆಂಬರಿನ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ಒಮ್ಮೆ ಸಾಕು. ಜುಲೈ ಮಳೆಯಲ್ಲಿ ಎಲ್ಲವೂ ತೆಳುವಾಗಿರುತ್ತದೆ.

ಅಮೋನಿಯಾ ಎರಡನೇ ಸಾಕ್ಷಿ. ಕಸದ ಒಡಲಲ್ಲಿ ಆಮ್ಲಜನಕ ಇಲ್ಲದ್ದರಿಂದ ಸಾರಜನಕ ಅಮೋನಿಯಾ ಆಗಿಯೇ ಉಳಿಯುತ್ತದೆ. ನೈಟ್ರೇಟ್ ಮಾತ್ರ ಏರಿದ್ದರೆ ಮೊದಲು ಯೂರಿಯಾವನ್ನೋ ಶೌಚಗುಂಡಿಯನ್ನೋ ಸಂಶಯಿಸಿ. ಕುಡಿಯುವ ನೀರಿನಲ್ಲಿ ಅಮೋನಿಯಾ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ನೈಟ್ರೇಟಿಗೆ 45. ಅಮೋನಿಯಾ ಪರೀಕ್ಷೆಗೆ ಹಾಕುವ ನೆಸ್ಲರ್ ದ್ರಾವಣದಲ್ಲಿ ಪಾದರಸ ಇದೆ. ಪರೀಕ್ಷೆ ಮುಗಿದ ನೀರನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ, ಸೀಸೆಯಲ್ಲಿ ಕೂಡಿಟ್ಟು ಲ್ಯಾಬಿಗೆ ಕೊಡಿ.

ಕಬ್ಬಿಣದ ಪರೀಕ್ಷೆ ಇಲ್ಲಿ ಹೆಚ್ಚು ಹೇಳದು, ನಮ್ಮ ಕೆಂಪು ಮಣ್ಣಲ್ಲೇ ಅದು ತುಂಬಿದೆ.

ಎಚ್‌ಟುಎಸ್ ಸೀಸೆ ಕಪ್ಪಾಗಲು 24ರಿಂದ 48 ಗಂಟೆ, ಅದೂ 30 ಡಿಗ್ರಿ ಮೇಲಿನ ಬೆಚ್ಚಗೆ ಬೇಕು. ಮಡಿಕೇರಿಯ ಡಿಸೆಂಬರಿನಲ್ಲಿ ಕಿಟಕಿ ಹತ್ತಿರ ಇಟ್ಟು 'ಕಪ್ಪಾಗಲಿಲ್ಲ, ನೀರು ಶುದ್ಧ' ಎಂದರೆ ಅದು ಚಳಿ ಕೊಟ್ಟ ಸರ್ಟಿಫಿಕೇಟು.

ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹಗಳು ಈ ಪೆಟ್ಟಿಗೆಗೆ ಕಾಣುವುದೇ ಇಲ್ಲ. ಕ್ಲೋರೈಡ್, ಅಮೋನಿಯಾ ಎರಡೂ ಕೆಳಗಿನ ಬಾವಿಯಲ್ಲೇ ಹೆಚ್ಚಿದ್ದರೆ ಆ ನೀರು ಕುಡಿಯುವುದು ನಿಲ್ಲಿಸಿ, ಲೋಹ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ನೈಟ್ರಿಕ್ ಆಮ್ಲ ಹಾಕಿದ ಬಾಟಲಿಯಲ್ಲಿ ಮಾದರಿ ಕಳಿಸಿ. ಕುದಿಸಿದರೆ ಲೋಹ ಹೋಗದು. ಕಸ ತೆಗೆಸಿದ ಮೇಲೂ ಮಣ್ಣಲ್ಲಿ ಇಂಗಿದ್ದು ವರ್ಷಗಟ್ಟಲೆ ಇಳಿಯುತ್ತದೆ, ಹಾಗಾಗಿ ಕಿಟ್ ಆಗಲೂ ಬೇಕು. ಸಿಲ್ವರ್ ನೈಟ್ರೇಟ್, ನೆಸ್ಲರ್ ರೀಫಿಲ್ ಬಿಡಿಯಾಗಿ ಮಾರುವವರ ಹತ್ತಿರವೇ ಕೊಳ್ಳಿ. ಮೊದಲು ಖಾಲಿಯಾಗುವುದು ಅವೆರಡೇ.